ಕೆಲವೇ ಕೈಗಳ ಸಿಂಫನಿ

ಮೊದಲಿಗೆ ಒಂದೇ ಒಂದು ಕೊಳಲು. ಅದರ ಬೆನ್ನಿಗೆ ಯಾವ ವಾದ್ಯವೂ ಇಲ್ಲ. ಒಂದು ಸ್ವರದ ಮೇಲೆ ನಿಂತು, ಅಲ್ಲಿಂದ ಜಾರುತ್ತ ಜಾರುತ್ತ ಕೆಳಗಿಳಿದು, ಮತ್ತೆ ಮೇಲೇರುತ್ತದೆ. ಇನ್ನೊಮ್ಮೆ ಹಾಗೇ. ಆಮೇಲೆ ಓಬೋ, ಕ್ಲಾರಿನೆಟ್ಟುಗಳು ಮೆಲ್ಲನೆ ಸೇರಿಕೊಳ್ಳುತ್ತವೆ, ಹಾರ್ಪಿನ ತಂತಿಗಳ ಮೇಲೆ ಬೆರಳು ಹರಿಯುತ್ತದೆ, ದೂರದಿಂದೆಂಬಂತೆ ಹಾರ್ನ್ ಕರೆಯುತ್ತದೆ. ಅಷ್ಟರಲ್ಲಿ ಎಲ್ಲವೂ ನಿಂತು, ತಾಳದ ಒಂದಿಡೀ ಸುತ್ತು ಬರಿಯ ಮೌನ. ಮಲಾರ್ಮೆಯ ಕವಿತೆಯೊಂದರಲ್ಲಿ ಬರುವ ವನದೇವನ ಮಧ್ಯಾಹ್ನಕ್ಕೆ ಕ್ಲೋದ್ ದೆಬುಸ್ಸಿ ಸಂಗೀತದಲ್ಲಿ ಬರೆದ ಪೀಠಿಕೆ ಇದು. 1894ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಕೇಳಿಬಂತು. ಬೇಸಿಗೆಯ ಬಿಸಿಲು, ಅರೆನಿದ್ದೆ, ಕಂಡದ್ದೋ ಕನಸೋ ಎಂಬ ಗೊಂದಲ, ಇವೆಲ್ಲ ಅದರ ಹತ್ತು ನಿಮಿಷಗಳಲ್ಲಿ ತುಂಬಿಕೊಂಡಿವೆ. ನುಡಿಸುವುದಕ್ಕೆ ಅರವತ್ತಕ್ಕೂ ಹೆಚ್ಚು ಜನ ಬೇಕು.

1920ರಲ್ಲಿ ವಿಯೆನ್ನಾದ ಬೆನ್ನೊ ಸಾಕ್ಸ್ ಇದನ್ನು ಹತ್ತು ಹನ್ನೊಂದು ಜನ ನುಡಿಸುವಂತೆ ಮತ್ತೆ ಬರೆದ. ಎರಡು ಹಾರ್ಪ್ ಹೋದವು, ನಾಲ್ಕು ಹಾರ್ನ್ ಹೋದವು, ಬಸೂನುಗಳು ಹೋದವು. ಮೂರು ಕೊಳಲಿದ್ದಲ್ಲಿ ಒಂದು ಉಳಿಯಿತು. ಪಿಟೀಲುಗಳ ದೊಡ್ಡ ಸಾಲು ಇದ್ದಲ್ಲಿ ಒಂದೊಂದು ದನಿಗೆ ಒಬ್ಬೊಬ್ಬರೇ ಆದರು. ಹೊಸದಾಗಿ ಬಂದದ್ದು ಒಂದು ಪಿಯಾನೊ, ಒಂದು ಹಾರ್ಮೋನಿಯಂ.

ಎರಡನ್ನೂ ಒಂದಾದ ಮೇಲೊಂದರಂತೆ ಕೇಳಿದರೆ ಮೊದಲ ಕೆಲವು ಕ್ಷಣ ಏನೇನೂ ವ್ಯತ್ಯಾಸವಿಲ್ಲ. ಕೊಳಲು ಒಂದೇ ಅಲ್ಲವೆ? ಆ ಮೌನದ ಸುತ್ತು ಬಂದಾಗಲೂ ಹಾಗೆಯೇ. ಅರವತ್ತು ಜನ ಸುಮ್ಮನಿದ್ದರೂ ಹತ್ತು ಜನ ಸುಮ್ಮನಿದ್ದರೂ ಕಿವಿಗೆ ಒಂದೇ. ನನ್ನ ಬೆರಗು ಶುರುವಾಗುವುದು ಅದರಾಚೆ, ವಾದ್ಯಗಳು ಒಟ್ಟುಗೂಡಿ ತುಂಬಿ ಬರಬೇಕಾದ ಜಾಗದಲ್ಲಿ. ಅಲ್ಲಿ ಇರಬೇಕಾದವರಲ್ಲಿ ಬಹುಮಂದಿ ಇಲ್ಲ. ಆದರೂ ಆ ಮಧ್ಯಾಹ್ನದ ಬಿಸಿ ಆರುವುದಿಲ್ಲ. ಹಾಗಿದ್ದರೆ ಆ ಬಿಸಿ ಇಷ್ಟು ಕಾಲ ಎಲ್ಲಿತ್ತು? ಹಾರ್ನುಗಳಲ್ಲಿರಲಿಲ್ಲವೆ? ಹಾರ್ಪುಗಳಲ್ಲಿರಲಿಲ್ಲವೆ?

ಸಾಕ್ಸ್ ಇದನ್ನು ಬರೆದದ್ದು ಒಂದು ವಿಶೇಷವಾದ ಸಂಘಕ್ಕಾಗಿ. ಮೊದಲ ಮಹಾಯುದ್ಧ ಮುಗಿಯುತ್ತಿದ್ದ 1918ರ ನವೆಂಬರಿನಲ್ಲಿ, ಸಾಮ್ರಾಜ್ಯವೇ ಕುಸಿದು ಅನ್ನ, ಇದ್ದಿಲುಗಳಿಗೆ ಪರದಾಡುತ್ತಿದ್ದ ವಿಯೆನ್ನಾದಲ್ಲಿ, ಅರ್ನಾಲ್ಡ್ ಶೋನ್‌ಬರ್ಗ್ ಖಾಸಗಿ ಸಂಗೀತ ಪ್ರಯೋಗಗಳ ಸಂಘವೊಂದನ್ನು ಕಟ್ಟಿದ. ಸದಸ್ಯರಿಗೆ ಮಾತ್ರ ಪ್ರವೇಶ. ಪತ್ರಿಕೆಗಳ ವಿಮರ್ಶಕರು ಬರುವಂತಿಲ್ಲ. ಚಪ್ಪಾಳೆ ತಟ್ಟುವಂತಿಲ್ಲ. ಇವತ್ತು ಏನು ನುಡಿಸುತ್ತಾರೆಂದು ಮೊದಲೇ ಹೇಳುವುದಿಲ್ಲ, ಇಷ್ಟವಾದದ್ದಕ್ಕೆ ಮಾತ್ರ ಬರುವ ಅಭ್ಯಾಸ ಬೆಳೆಯಬಾರದೆಂದು. ಕಷ್ಟದ ಕೃತಿಗಳನ್ನು ಮತ್ತೆ ಮತ್ತೆ ನುಡಿಸುತ್ತಿದ್ದರು, ಕಿವಿಗೆ ಅವು ದಕ್ಕುವವರೆಗೆ. 1919ರಿಂದ 1921ರ ಕೊನೆಯವರೆಗೆ ನೂರಕ್ಕೂ ಹೆಚ್ಚು ಕಛೇರಿಗಳಾದವು. ಆರ್ಕೆಸ್ಟ್ರಾಕ್ಕೆ ಕೊಡಲು ಅವರ ಹತ್ತಿರ ಹಣವಿರಲಿಲ್ಲ. ಹೀಗಾಗಿ ದೊಡ್ಡ ಕೃತಿಗಳು ಮೊದಮೊದಲು ಪಿಯಾನೊದ ಮೇಲೆ ನಾಲ್ಕು ಕೈಗಳಿಗೆ ಇಳಿದವು, ಮುಂದೆ ಈ ಸಣ್ಣ ಮೇಳಕ್ಕೆ ಬಂದವು. ಬಡತನದಿಂದ ಹುಟ್ಟಿದ ಏರ್ಪಾಡು ಇದು, ನಿಜ. ಆದರೆ ಶೋನ್‌ಬರ್ಗನ ಬಳಗ ಅದನ್ನು ಕೊರತೆಯೆಂದು ಮಾತ್ರ ನೋಡಲಿಲ್ಲ. ಆರ್ಕೆಸ್ಟ್ರಾದ ಬಣ್ಣಗಳು ಬದಿಗೆ ಸರಿದಾಗ ಕೃತಿ ತನ್ನ ಕಾಲ ಮೇಲೆ ನಿಲ್ಲುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ ಎಂದು ಅವರು ನಂಬಿದ್ದರು. ನನಗೆ ಅವರ ನಂಬಿಕೆ ಸರಿ ಎನಿಸುತ್ತದೆ, ಪೂರ್ತಿಯಾಗಿ ಅಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಆ ಮೇಳದ ಹಾರ್ಮೋನಿಯಂ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಕನ್ನಡದ ಕಿವಿಗೆ ಈ ವಾದ್ಯ ಎಷ್ಟು ಹತ್ತಿರದ್ದೆಂದರೆ ಅದು ಪ್ಯಾರಿಸ್ಸಿನದೆಂಬುದೇ ಮರೆತುಹೋಗಿದೆ. 1842ರಲ್ಲಿ ಅಲೆಕ್ಸಾಂದ್ರ್ ದೆಬೆ ಅಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಅದು ಮೇಜಿನಷ್ಟು ಎತ್ತರದ್ದು, ಕಾಲಿನಿಂದ ತಿದಿ ಒತ್ತಿ ನುಡಿಸುವಂಥದ್ದು. ನಮ್ಮ ವೃತ್ತಿನಾಟಕ ಕಂಪನಿಗಳ ರಂಗದ ಮುಂದೆ ಕೂತು ರಂಗಗೀತೆಗಳನ್ನು ಎತ್ತಿ ಹಿಡಿದದ್ದೂ ಅಂಥದ್ದೇ ಕಾಲಿನ ಹಾರ್ಮೋನಿಯಂ. ನೆಲದ ಮೇಲೆ ಕೂತು ಒಂದು ಕೈಯಿಂದ ಗಾಳಿ ಹಾಕುವ ಪೇಟಿಯನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ರೂಪಿಸಿದರು. ಆಮೇಲೆ ಅದು ಹಿಂದುಸ್ತಾನಿ ಗಾಯಕರ ಪಕ್ಕದಲ್ಲಿ ಸ್ಥಾನ ಪಡೆಯಿತು. ಬೆಳಗಾವಿಯ ಪಂಡಿತ ಆರ್. ಕೆ. ಬಿಜಾಪುರೆಯವರ ಸಾಥ್ ಕೇಳಿದವರಿಗೆ ಆ ಪೆಟ್ಟಿಗೆ ಏನೆಲ್ಲ ಮಾಡಬಲ್ಲದು ಎಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತ್ತು. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ: ಅದರ ಸ್ವರಗಳು ನಿಂತಲ್ಲೇ ನಿಂತಿರುತ್ತವೆ, ಒಂದರಿಂದ ಇನ್ನೊಂದಕ್ಕೆ ಜಾರಲಾರವು, ಗಮಕ ಹಿಡಿಯಲಾರವು.

ವಿಯೆನ್ನಾದಲ್ಲಿ ಅದೇ ಗುಣ ವರವಾಯಿತು. ಹಾರ್ಮೋನಿಯಂ ತನ್ನತ್ತ ಗಮನ ಸೆಳೆಯುವುದಿಲ್ಲ. ಅದರ ಸ್ವರ ಎಲ್ಲಿಂದ ಶುರುವಾಯಿತೆಂಬುದು ತಟ್ಟನೆ ತಿಳಿಯುವುದಿಲ್ಲ. ಗಾಳಿ ಇರುವವರೆಗೆ ಅದು ಹಾಗೇ ಹರಡಿಕೊಂಡಿರುತ್ತದೆ. ಪಿಯಾನೊದ ಸ್ವಭಾವ ಇದಕ್ಕೆ ತದ್ವಿರುದ್ಧ. ಸುತ್ತಿಗೆ ತಂತಿಗೆ ಬಡಿದ ಕ್ಷಣದಲ್ಲಿ ಅದರ ಸ್ವರ ಪೂರ್ತಿ ಇರುತ್ತದೆ, ಮರುಕ್ಷಣದಿಂದ ಕ್ಷೀಣಿಸುತ್ತ ಹೋಗುತ್ತದೆ. ಒಂದಕ್ಕೆ ಆರಂಭವಿದೆ, ಬಾಳಿಕೆಯಿಲ್ಲ. ಇನ್ನೊಂದಕ್ಕೆ ಬಾಳಿಕೆಯಿದೆ, ಆರಂಭವಿಲ್ಲ. ಎರಡೂ ಒಂದೇ ಸ್ವರಗುಚ್ಛವನ್ನು ಒಟ್ಟಿಗೆ ನುಡಿದಾಗ ಮೂರನೆಯದೊಂದು ಹುಟ್ಟುತ್ತದೆ. ಅದಕ್ಕೆ ಆರಂಭವೂ ಇರುತ್ತದೆ, ಮೈಯೂ ಇರುತ್ತದೆ. ಅದರ ಮೇಲೆ ನಿಜವಾದ ಒಂದೇ ಒಂದು ಕ್ಲಾರಿನೆಟ್ ಇಟ್ಟರೆ ಸಾಕು, ಕಿವಿ ಆ ಇಡೀ ಗುಚ್ಛಕ್ಕೆ ಕ್ಲಾರಿನೆಟ್ಟಿನ ಬಣ್ಣ ಬಳಿದುಬಿಡುತ್ತದೆ. ಊದುವವರ ಒಂದು ಸಾಲೇ ಎದುರಿಗಿದೆ ಎನಿಸುತ್ತದೆ. ಹೀಗೆ ಮಾಡಿದರೆ ಹೀಗೆ ಕೇಳುತ್ತದೆ ಎಂದು ಯಾರಾದರೂ ಕಾಗದದ ಮೇಲೆ ಬರೆದು ತೋರಿಸಿದ್ದರೆ ನಾನು ನಂಬುತ್ತಿರಲಿಲ್ಲ. ಈಗ ಕೇಳಿದ ಪ್ರತಿ ಸಲವೂ, ಎಲ್ಲ ಗೊತ್ತಿದ್ದೂ, ಆ ಇಲ್ಲದ ಸಾಲನ್ನು ಕಿವಿ ಹುಡುಕುತ್ತದೆ, ಹುಡುಕಿ ಕಂಡುಕೊಳ್ಳುತ್ತದೆ.

ಇದಕ್ಕೊಂದು ಸುಲಭದ ಉತ್ತರವಿದೆ. ಕೃತಿ ನಮಗೆ ಮೊದಲೇ ಗೊತ್ತು, ನೆನಪು ಬಿಟ್ಟುಹೋದದ್ದನ್ನು ತುಂಬಿಕೊಡುತ್ತದೆ, ಎದುರಿಗೆ ಹತ್ತು ಜನ ನುಡಿಸುತ್ತಿದ್ದರೆ ಉಳಿದ ಐವತ್ತು ಜನ ಕೇಳುಗನ ಒಳಗೆ ನುಡಿಸುತ್ತಾರೆ. ಬಹಳ ದಿನ ನಾನೂ ಈ ಉತ್ತರದಲ್ಲಿ ನೆಮ್ಮದಿಯಾಗಿದ್ದೆ. ಚೆಂದದ ಉತ್ತರವೇ. ಆದರೆ ಇತಿಹಾಸ ಇದನ್ನು ಒಪ್ಪುವುದಿಲ್ಲ.

ಧ್ವನಿಮುದ್ರಣ ಇಲ್ಲದ ಕಾಲದಲ್ಲಿ ಸಿಂಫನಿಯೊಂದನ್ನು ಆರ್ಕೆಸ್ಟ್ರಾದಲ್ಲಿ ಕೇಳುವ ಯೋಗ ಎಷ್ಟು ಜನಕ್ಕಿತ್ತು? ಹೈಡನ್ ಲಂಡನ್ನಿಗಾಗಿ ಬರೆದ ಸಿಂಫನಿಗಳನ್ನು, ಅವನನ್ನು ಅಲ್ಲಿಗೆ ಕರೆಸಿಕೊಂಡಿದ್ದ ಸಾಲೊಮೊನ್ ತಾನೇ ಕೊಳಲು ಮತ್ತು ತಂತಿವಾದ್ಯಗಳ ಪುಟ್ಟ ಮೇಳಕ್ಕೆ ಇಳಿಸಿ ಪ್ರಕಟಿಸಿದ. ಬೇಥೋವನ್ನನ ಎರಡನೆಯ ಸಿಂಫನಿ ಪಿಯಾನೊ, ಪಿಟೀಲು, ಚೆಲ್ಲೊ ಈ ಮೂರಕ್ಕೆ ಇಳಿಯಿತು. ಮೋಜಾರ್ಟ್ 1782ರಲ್ಲಿ ತನ್ನ ಹೊಸ ಅಪೆರಾವನ್ನು ಊದುವ ವಾದ್ಯಗಳ ಮೇಳಕ್ಕೆ ತಾನೇ ಬೇಗ ಅಳವಡಿಸಿಬಿಡಬೇಕು, ಇಲ್ಲದಿದ್ದರೆ ಬೇರೆಯವರು ಮಾಡಿ ಲಾಭ ಹೊಡೆಯುತ್ತಾರೆ ಎಂದು ತಂದೆಗೆ ಕಾಗದ ಬರೆದ. ಅವನ ಶಿಷ್ಯ ಹುಮ್ಮೆಲ್ ಮುಂದೆ ಗುರುವಿನ ಸಿಂಫನಿಗಳನ್ನು ನಾಲ್ಕು ಜನಕ್ಕೆ ಹೊಂದಿಸಿದ. ಇವುಗಳನ್ನು ಕೊಂಡು ಮನೆಯ ನಡುಮನೆಯಲ್ಲಿ ನುಡಿಸುತ್ತಿದ್ದವರಲ್ಲಿ ಎಷ್ಟೋ ಜನ ಮೂಲವನ್ನು ಒಮ್ಮೆಯೂ ಕೇಳಿರಲಾರರು. ಅವರಿಗೆ ಸಿಂಫನಿ ಎಂದರೆ ಆ ಮೂರು ನಾಲ್ಕು ವಾದ್ಯಗಳೇ. ತುಂಬಿಕೊಡಲು ನೆನಪೇ ಇರಲಿಲ್ಲ. ಆದರೂ ಅವರು ಅದನ್ನು ಪ್ರೀತಿಸಿದರು, ಮತ್ತೆ ಮತ್ತೆ ನುಡಿಸಿದರು, ಮಕ್ಕಳಿಗೆ ಕಲಿಸಿದರು.

ಹಾಗಾದರೆ ಕಿವಿಯೇ ಏನೋ ಮಾಡುತ್ತಿರಬೇಕು. ಒಂದು ಮಟ್ಟಿಗೆ ನಿಜ. ಹತ್ತು ಪಿಟೀಲುಗಳು ಒಟ್ಟಿಗೆ ನುಡಿದರೆ ಒಂದಕ್ಕಿಂತ ಹತ್ತು ಪಟ್ಟು ಜೋರಾಗಿ ಕೇಳುವುದಿಲ್ಲ. ಸುಮಾರು ಎರಡು ಪಟ್ಟು ಎನಿಸುತ್ತದೆ, ಅಷ್ಟೆ. ಜನ ಕಡಿಮೆಯಾದಷ್ಟು ವೇಗವಾಗಿ ಸದ್ದು ಕಡಿಮೆಯಾಗುವುದಿಲ್ಲ. ನಮ್ಮ ಕಿವಿ ಈ ಲೆಕ್ಕದಲ್ಲಿ ಬಡವರ ಪಕ್ಷಪಾತಿ. ದೊಡ್ಡ ಸಾಲಿನ ಪಿಟೀಲುಗಳಿಗೆ ಬೇರೊಂದು ಸೊಗಸಿದೆ. ಹದಿನಾಲ್ಕು ಜನರಲ್ಲಿ ಯಾರ ಶ್ರುತಿಯೂ ಕೂದಲೆಳೆಯಷ್ಟೂ ತಪ್ಪದೆ ಒಂದಾಗುವುದಿಲ್ಲ, ಯಾರ ಕಮಾನೂ ನಿಖರವಾಗಿ ಒಂದೇ ಕ್ಷಣಕ್ಕೆ ಹೊರಳುವುದಿಲ್ಲ. ಆ ಸಣ್ಣ ಸಣ್ಣ ಹೆಚ್ಚುಕಡಿಮೆಗಳೆಲ್ಲ ಕೂಡಿ ಮೇಲೊಂದು ಮೃದುವಾದ ಹೊಳಪು ಬರುತ್ತದೆ. ಒಬ್ಬನೇ ನುಡಿಸಿದಾಗ ಆ ಹೊಳಪು ಇರುವುದಿಲ್ಲ. ಬದಲಿಗೆ ಕಮಾನು ತಂತಿಗೆ ತಾಗುವ ಸದ್ದು, ಬೆರಳು ಸರಿಯುವ ಸದ್ದು, ಒಬ್ಬ ಮನುಷ್ಯನ ಉಸಿರು ಕೇಳಿಸುತ್ತವೆ. ಅಲ್ಲಿ ಹಿಂದಿನ ಸಾಲು ಎಂಬುದಿಲ್ಲ. ಯಾರೂ ಯಾರ ನೆರಳಿನಲ್ಲೂ ಇರುವಂತಿಲ್ಲ.

ಇಲ್ಲಿಯೇ ಶೋನ್‌ಬರ್ಗನ ಬಳಗದ ಜೊತೆ ನಾನು ಪೂರ್ತಿ ಹೋಗಲಾರೆ. ಬಣ್ಣವನ್ನು ಬರಿಯ ಹೊರಮೈ ಎಂದು ಎಣಿಸಲು ನನಗೆ ಮನಸ್ಸು ಬರುವುದಿಲ್ಲ. ಬ್ರೂಕ್ನರನ ಏಳನೆಯ ಸಿಂಫನಿಯನ್ನೇ ನೋಡಿ. ಅದರ ನಿಧಾನ ಭಾಗ ವಾಗ್ನರನ ಸಾವಿನ ದುಃಖದಿಂದ ಮೈದುಂಬಿದ್ದು. ವಾಗ್ನರ್ ತನ್ನ ಅಪೆರಾಗಳಿಗಾಗಿ ಮಾಡಿಸಿದ್ದ ವಿಶಿಷ್ಟ ಟ್ಯೂಬಾಗಳು ನಾಲ್ಕು, ಅವನಿಗೇ ಸಲ್ಲಿಸುವ ಕಾಣಿಕೆಯಂತೆ, ಅಲ್ಲಿ ಶೋಕಿಸುತ್ತವೆ. 1921ರಲ್ಲಿ ಶೋನ್‌ಬರ್ಗನ ಶಿಷ್ಯರಾದ ಐಸ್ಲರ್, ಸ್ಟೈನ್, ರಾಂಕ್ಲ್ ಮೂವರೂ ಭಾಗಗಳನ್ನು ಹಂಚಿಕೊಂಡು ಇದನ್ನು ಸಣ್ಣ ಮೇಳಕ್ಕೆ ಇಳಿಸಿದರು. ಕ್ಲಾರಿನೆಟ್ ಒಂದು, ಹಾರ್ನ್ ಒಂದು, ತಂತಿವಾದ್ಯ ಐದು, ಪಿಯಾನೊ, ಹಾರ್ಮೋನಿಯಂ. ಸ್ವರಗಳೆಲ್ಲ ಅಲ್ಲಿವೆ. ರಾಗದ ಏರಿಳಿತ ಇನ್ನೂ ಸ್ಪಷ್ಟವಾಗಿದೆ. ಆದರೆ ಆ ನಾಲ್ಕು ಟ್ಯೂಬಾಗಳ ಹಿತ್ತಾಳೆಯ ಕಪ್ಪು ಮಾತ್ರ ಎಲ್ಲೂ ಇಲ್ಲ. ಅದನ್ನು ಹಾರ್ಮೋನಿಯಂ ಸೂಚಿಸಬಲ್ಲದು, ಕೊಡಲಾರದು. ಆ ನಷ್ಟವನ್ನು ನಷ್ಟವೆಂದೇ ಕರೆಯಬೇಕು. ಕರೆದ ಮೇಲೂ ದುಃಖ ಹೇಗೆ ಉಳಿಯಿತು ಎಂಬ ಪ್ರಶ್ನೆ ಹಾಗೇ ನಿಲ್ಲುತ್ತದೆ.

ನಮ್ಮ ಸಂಗೀತದಲ್ಲಿ ಬೆಳೆದ ಕೇಳುಗನಿಗೆ ಈ ಪ್ರಶ್ನೆ ಮೊದಲು ವಿಚಿತ್ರವೆನಿಸಬಹುದು. ತ್ಯಾಗರಾಜರ ಕೃತಿಯನ್ನು ಕಂಠದಲ್ಲಿ ಕೇಳುತ್ತೇವೆ, ವೀಣೆಯಲ್ಲಿ ಕೇಳುತ್ತೇವೆ, ಮದುವೆ ಮನೆಯಲ್ಲಿ ನಾಗಸ್ವರದಲ್ಲಿ ಕೇಳುತ್ತೇವೆ. ಅದು ಅದೇ ಕೃತಿಯೇ ಎಂದು ಯಾರೂ ಕೇಳುವುದಿಲ್ಲ. ಕೃತಿ ಯಾವ ವಾದ್ಯಕ್ಕೂ ಸೇರಿದ್ದಲ್ಲ ನಮಗೆ. ಆದರೆ ದೆಬುಸ್ಸಿಯೋ ಮಾಹ್ಲರನೋ ಬರೆಯುವಾಗ ವಾದ್ಯವನ್ನೂ ಸೇರಿಸಿಯೇ ಬರೆದವರು. ಈ ಸ್ವರ ಎರಡನೆಯ ಕೊಳಲಿಗೆ, ಆ ಸ್ವರ ಮೂರನೆಯ ಹಾರ್ನಿಗೆ, ಅದೂ ಮೂತಿಯೊಳಗೆ ಕೈಯಿಟ್ಟು ಮುಚ್ಚಿ ಊದಬೇಕು ಎಂಬಷ್ಟು ನಿಖರ. ಅಲ್ಲಿ ವಾದ್ಯವನ್ನು ಬದಲಿಸುವುದೆಂದರೆ ಬರೆದವನ ಮಾತನ್ನೇ ಮುರಿದಂತೆ. ಅಷ್ಟು ಬಿಗಿಯಾಗಿ ಕಟ್ಟಿದ್ದನ್ನು ಬಿಚ್ಚಿ ಬೇರೆ ಕೈಗಳಿಗೆ ಕೊಟ್ಟರೂ ಅದು ಚೆದುರುವುದಿಲ್ಲ ಎಂಬುದು ನಮ್ಮ ಕೃತಿಗಳ ಸಂಚಾರಕ್ಕಿಂತ ದೊಡ್ಡ ಸೋಜಿಗವಾಗಿ ನನಗೆ ಕಾಣುತ್ತದೆ.

ಯಾವುದು ಮೂಲ, ಯಾವುದು ಕಿರಿದುಗೊಳಿಸಿದ್ದು ಎಂಬುದೂ ಯಾವಾಗಲೂ ನೇರವಲ್ಲ. ವಾಗ್ನರನ ‘ಸೀಗ್‌ಫ್ರೀಡ್ ಇಡಿಲ್’ 1870ರ ಡಿಸೆಂಬರ್ 25ರ ಬೆಳಿಗ್ಗೆ ಲೂಸರ್ನ್ ಬಳಿಯ ಮನೆಯ ಮೆಟ್ಟಿಲುಗಳ ಮೇಲೆ ಹುಟ್ಟಿತು. ಹೆಂಡತಿ ಕೋಸಿಮಾಳ ಹುಟ್ಟುಹಬ್ಬಕ್ಕೆ ಅವಳನ್ನು ನಿದ್ದೆಯಿಂದ ಎಬ್ಬಿಸಲು ಬರೆದದ್ದು. ಮೆಟ್ಟಿಲ ಮೇಲೆ ನಿಲ್ಲಬಹುದಾದಷ್ಟೇ ವಾದಕರು. ಆರ್ಕೆಸ್ಟ್ರಾದ ರೂಪ ಬಂದದ್ದು ಆಮೇಲೆ, ಪ್ರಕಟಣೆಯ ಕಾಲಕ್ಕೆ. ಅಮೆರಿಕದ ಏರನ್ ಕೋಪ್ಲಂಡ್ 1944ರಲ್ಲಿ ಮಾರ್ಥಾ ಗ್ರಹಾಂ ಅವಳ ನೃತ್ಯಕ್ಕೆ ‘ಅಪಲಾಚಿಯನ್ ಸ್ಪ್ರಿಂಗ್’ ಬರೆದಾಗ ಹದಿಮೂರೇ ವಾದ್ಯಗಳನ್ನು ಇಟ್ಟುಕೊಂಡ, ವಾಷಿಂಗ್ಟನ್ನಿನ ಆ ರಂಗಮಂದಿರದಲ್ಲಿ ವಾದಕರು ಕೂರುವ ಜಾಗ ಅಷ್ಟು ಚಿಕ್ಕದಿತ್ತು. ಜಗತ್ತು ಹೆಚ್ಚಾಗಿ ಕೇಳಿದ್ದು ಮರುವರ್ಷದ ದೊಡ್ಡ ರೂಪವನ್ನು. ಈ ಎರಡೂ ಕೃತಿಗಳ ಸಣ್ಣ ರೂಪವೇ ನನಗೆ ಹೆಚ್ಚು ಇಷ್ಟ. ಮೊದಲು ಹುಟ್ಟಿದ್ದೆಂದು ಅಲ್ಲ. ಅಲ್ಲಿ ಪ್ರತಿ ದನಿಯೂ ಇನ್ನೊಂದನ್ನು ಕೇಳಿಸಿಕೊಳ್ಳುತ್ತಿರುವುದು ನಮಗೂ ಕೇಳಿಸುತ್ತದೆಂದು.

ಇಷ್ಟೆಲ್ಲ ಯೋಚಿಸುತ್ತ ನಾನು ಮರಳಿ ಹೋಗುವುದು ಮಾಹ್ಲರನ ನಾಲ್ಕನೆಯ ಸಿಂಫನಿಯ ಮೂರನೆಯ ಭಾಗಕ್ಕೆ. ತಗ್ಗಿನ ತಂತಿವಾದ್ಯಗಳಲ್ಲಿ ಶಾಂತವಾಗಿ ಹೊರಟ ಹಾಡು ಅದು, ಬಹಳ ಹೊತ್ತು ಹಾಗೇ ಸಾಗುತ್ತದೆ. ಇನ್ನೇನು ಮುಗಿಯಿತು ಎನ್ನುವಾಗ, ಯಾವ ಮುನ್ಸೂಚನೆಯೂ ಇಲ್ಲದೆ ಇಡೀ ಆರ್ಕೆಸ್ಟ್ರಾ ಬೇರೊಂದು ಶ್ರುತಿನೆಲೆಯಲ್ಲಿ ಸ್ಫೋಟಿಸುತ್ತದೆ. ಟ್ರಂಪೆಟ್ಟುಗಳು, ಹಾರ್ನುಗಳು, ದೊಡ್ಡ ನಗಾರಿಗಳು. ಮುಂದಿನ ಭಾಗದಲ್ಲಿ ಮಗುವೊಂದು ಸ್ವರ್ಗವನ್ನು ವರ್ಣಿಸಿ ಹಾಡಲಿದೆ. ಅದರ ಬಾಗಿಲು ಇಲ್ಲೇ ಒಮ್ಮೆ ತೆರೆದು ಮುಚ್ಚಿದಂತೆ. ಸಭಾಂಗಣದಲ್ಲಿ ಕೂತಿದ್ದರೆ ಎದೆಗೆ ಗಾಳಿ ಬಡಿದಂತಾಗುತ್ತದೆ.

ಎರ್ವಿನ್ ಸ್ಟೈನ್ ಇದನ್ನು ಸಂಘಕ್ಕಾಗಿ ಅಳವಡಿಸಿದ. 1921ರ ಜನವರಿಯಲ್ಲಿ ಅದನ್ನು ನುಡಿಸಿದರು. ಅವನ ಮೇಳದಲ್ಲಿ ಟ್ರಂಪೆಟ್ ಇಲ್ಲ, ಹಾರ್ನ್ ಇಲ್ಲ, ಬಸೂನ್ ಕೂಡ ಇಲ್ಲ. ಸ್ವರ್ಗದ ಬಾಗಿಲು ತೆರೆಯಬೇಕಾದ ಆ ಕ್ಷಣಕ್ಕೆ ಅವನ ಕೈಯಲ್ಲಿದ್ದದ್ದು ಮೂರು ಊದುವ ವಾದ್ಯ, ಐದು ತಂತಿವಾದ್ಯ, ಪಿಯಾನೊ, ಹಾರ್ಮೋನಿಯಂ, ಒಂದಿಷ್ಟು ತಾಳವಾದ್ಯ. ಅಲ್ಲಿ ಎದೆಗೆ ಗಾಳಿ ಬಡಿಯುವುದಿಲ್ಲ. ಬೇರೇನೋ ಆಗುತ್ತದೆ. ಆ ಕೆಲವೇ ಜನ ತಮ್ಮ ಶಕ್ತಿಯ ಕಟ್ಟಕಡೆಯ ಅಂಚಿನವರೆಗೆ ಹೋಗಿ ನುಡಿಸುವುದು ಕೇಳುತ್ತದೆ. ಆರ್ಕೆಸ್ಟ್ರಾಕ್ಕೆ ಆ ಸ್ಫೋಟ ಕಷ್ಟವಲ್ಲ, ನೂರು ಜನರ ಬಲ ಹಿಂದಿದೆ. ಇವರಿಗೆ ಅದು ಕೈಗೆ ಎಟುಕದ ಎತ್ತರ. ಎಟುಕದ್ದನ್ನು ಹಿಡಿಯಲು ಚಾಚಿದ ಕೈಯನ್ನೇ ನಾವು ಕೇಳುತ್ತೇವೆ. ಸ್ವರ್ಗದ ಬಗ್ಗೆ ಒಂದು ಮಗುವಿನ ನಂಬಿಕೆಯನ್ನು ಹೇಳಹೊರಟ ಸಂಗೀತಕ್ಕೆ ಇದು ಎಷ್ಟು ಹೊಂದುತ್ತದೆಂದರೆ, ಮಾಹ್ಲರ್ ಬರೆದ ದೊಡ್ಡ ರೂಪದಲ್ಲೇ ಒಂದು ಗುಟ್ಟು ಅಡಗಿತ್ತೇನೋ, ಸ್ಟೈನ್ ಅದನ್ನು ಹೊರಗೆ ತಂದನೇನೋ ಎನಿಸಿಬಿಡುತ್ತದೆ. ಸಂಗೀತ ಸ್ವರಗಳಲ್ಲಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಇರುವ ದೂರದಲ್ಲಿದೆ, ಆ ದೂರವನ್ನು ದಾಟುವ ಪ್ರಯತ್ನದಲ್ಲಿದೆ ಎಂದು ನನಗೆ ಆಗ ಖಂಡಿತವಾಗಿ ತೋರುತ್ತದೆ. ವಾದ್ಯಗಳನ್ನು ಕಳೆಯಬಹುದು. ಆ ದೂರವನ್ನು ಕಳೆಯಲಾಗದು.

ಶೋನ್‌ಬರ್ಗ್ ತಾನೇ ಮಾಹ್ಲರನ ‘ಭೂಮಿಯ ಹಾಡು’ ಕೃತಿಯನ್ನು ಹೀಗೆ ಅಳವಡಿಸಲು ತೊಡಗಿದ್ದ, ಮುಗಿಸಲಿಲ್ಲ. ಆಸ್ಟ್ರಿಯಾದ ಹಣ ಬೆಲೆ ಕಳೆದುಕೊಳ್ಳುತ್ತಿತ್ತು, 1921ರ ಕೊನೆಗೆ ಸಂಘವೇ ನಿಂತುಹೋಯಿತು. ಅವನು ಬಿಟ್ಟುಹೋದ ಗುರುತುಗಳನ್ನು ಹಿಡಿದು ರೈನರ್ ರೀನ್ ಎಂಬ ಸಂಗೀತಗಾರ ಅದನ್ನು ಪೂರ್ತಿ ಮಾಡಿದ್ದು 1983ರಲ್ಲಿ. ಚೀನಾದ ಹಳೆಯ ಕವಿಗಳು ಜರ್ಮನ್ ಭಾಷೆಗೆ ಬಂದು, ಅಲ್ಲಿಂದ ಮಾಹ್ಲರನ ಆರ್ಕೆಸ್ಟ್ರಾಕ್ಕೆ ಬಂದು, ಶೋನ್‌ಬರ್ಗನ ಪೆನ್ಸಿಲ್ಲಿಗೆ ಬಂದು, ಅರವತ್ತು ವರ್ಷ ಕಾದು, ಇನ್ನೊಬ್ಬನ ಮೇಜಿಗೆ ಬಂದರು. ಅಷ್ಟು ಕೈ ದಾಟಿದ ಮೇಲೂ ಕೊನೆಯ ಹಾಡಿನ ಅಗಲಿಕೆ ಹೊಸದಾಗಿಯೇ ನೋಯಿಸುತ್ತದೆ.

ಸಂಘದ ಕೊನೆಯ ತಿಂಗಳುಗಳಲ್ಲಿ, 1921ರ ಮೇ 27ರಂದು, ಹಣ ಕೂಡಿಸಲೆಂದೇ ಒಂದು ಸಂಜೆ ಏರ್ಪಡಿಸಿದರು. ಅಂದು ನುಡಿಸಿದ್ದು ಯೋಹಾನ್ ಸ್ಟ್ರೌಸ್‌ನ ವಾಲ್ಟ್ಸ್‌ಗಳನ್ನು, ವಿಯೆನ್ನಾದ ಪ್ರತಿ ಮನೆಗೂ ಗೊತ್ತಿದ್ದ ಕುಣಿತದ ಸಂಗೀತವನ್ನು. ಎರಡನ್ನು ಶೋನ್‌ಬರ್ಗ್ ಅಳವಡಿಸಿದ್ದ, ಒಂದನ್ನು ಆಲ್ಬನ್ ಬೆರ್ಗ್, ಇನ್ನೊಂದನ್ನು ಆಂಟನ್ ವೆಬರ್ನ್. ಆ ಕಾಲದ ಅತಿ ಕಠಿಣ ಸಂಗೀತ ಬರೆಯುತ್ತಿದ್ದಾರೆಂದು ಹೆಸರಾಗಿದ್ದವರು ಈ ಮೂವರು. ಅವರೇ ನುಡಿಸಲೂ ಕೂತರು. ಶೋನ್‌ಬರ್ಗ್ ಪಿಟೀಲು ಹಿಡಿದ, ಬೆರ್ಗ್ ಹಾರ್ಮೋನಿಯಂ ಮುಂದೆ ಕೂತ, ವೆಬರ್ನ್ ಚೆಲ್ಲೊ ನುಡಿಸಿದ. ಬಳಿಕ ಆ ಕೈಬರಹದ ಪ್ರತಿಗಳನ್ನೇ ಹರಾಜು ಹಾಕಿದರು. ಅವರು ಬರೆದ ರೂಪಗಳನ್ನು ಇಂದಿಗೂ ಮೇಳಗಳು ನುಡಿಸುತ್ತವೆ. ಕೇಳುವಾಗ ನನ್ನ ಕಿವಿ ವೆಬರ್ನನ ವಾಲ್ಟ್ಸಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಒಂದು ನಿಮಿಷವೂ ತುಂಬದ ಕೃತಿಗಳನ್ನು ಬರೆದವನು ಅವನು, ಒಂದು ಸ್ವರ ಹೆಚ್ಚಾದರೂ ಸಹಿಸದವನು. ಸ್ಟ್ರೌಸ್‌ನ ಆ ಧಾರಾಳದ ಕುಣಿತವನ್ನು ಅವನು ಎಲ್ಲೂ ಕತ್ತರಿಸಿಲ್ಲ, ಎಲ್ಲೂ ಅಡ್ಡ ಬಂದಿಲ್ಲ. ಆರು ಜನ ನುಡಿಸುತ್ತಾರೆ, ವಾಲ್ಟ್ಸ್ ಪೂರ್ತಿ ಸುತ್ತುತ್ತದೆ, ಕೂತ ಕುರ್ಚಿಯಲ್ಲೇ ಕಾಲು ಲೆಕ್ಕ ಹಾಕತೊಡಗುತ್ತದೆ.